ಪದ ಬೇಕಿದೆ: ಸರಕು ವಿಮಾನದ ರೆಕ್ಕೆಯ 'ಫಟೀಗ್' (ತುರ್ತು)

ಗೆಳೆಯರೆ,
ನಾಳೆ ಬೆಳಿಗ್ಗೆ ಹತ್ತಕ್ಕೆ ಫಲಕ ಮುದ್ರಣಕ್ಕೆ ಹೋಗಬೇಕು. ಶಾಲಾಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ. ವಿಷಯ ಅಮೆರಿಕದ ವಾಯುಪಡೆಯ ಸರಕು ವಿಮಾನ ಸಿ-5ಎ ಗ್ಯಾಲಕ್ಸಿ. ಹೇಗಾದರೂ ತೂಕ ಇಳಿಯಬೇಕೆಂದು ರೆಕ್ಕೆಯನ್ನು ಅತಿಯಾಗಿ ಸೊರಗಿಸಿಬಿಟ್ಟರು. 30,000 ಗಂಟೆಗಳ ಹಾರಾಟಕ್ಕೆ ಬಾಳಬೇಕಿದ್ದದ್ದು 8,000ದ ಆಸುಪಾಸಿಗೇ ಮುಗಿಯುತ್ತದೆಂದು ಲೆಕ್ಕ ಬಂತು. 1980ರ ದಶಕದಲ್ಲಿ 77 ವಿಮಾನಗಳಿಗೆ ಹೊಸ ರೆಕ್ಕೆ ಕೂರಿಸಬೇಕಾಯಿತು. ಲೋಹ ಮತ್ತೆ ಮತ್ತೆ ಬಾಗಿ ಕಡೆಗೆ ಬಿರುಕು ಬಿಡುವ ಈ 'ಮೆಟಲ್ ಫಟೀಗ್'ಗೆ 'ಲೋಹದ ದಣಿವು' ಎಂದು ಬರೆದಿದ್ದೇನೆ. ಇರಲೋ, ಬೇಡವೋ?

ಮರು:
ಬೇಡ. ದಣಿ ಎಂದರೆ ತೃಪ್ತಿಪಡು. 'ಕಣ್ದಣಿಯೆ ನೋಡಿದ', 'ಮನದಣಿಯೆ ಹಾಡಿದ' ಕೇಳಿಲ್ಲವೆ? ನಿಮ್ಮ ರೆಕ್ಕೆ ಹಾರಿ ಹಾರಿ ತೃಪ್ತಿಯಾಗಿ ಮುರಿಯಿತೇನು? 'ಬಳಲಿಕೆ' ಹಾಕಿ, ಮುಗಿಸಿ.

ಮರು: ಮರು:
ಆದೇಶಸಂಧಿ ಮರೆತಿರಾ ಸ್ವಾಮಿ? ಕಣ್ + ತಣಿಯೆ. ಅಲ್ಲಿರುವುದು ತಣಿ. ಸಂಧಿಯ ದಕಾರ ತೋರಿಸಿ ಧಾತುವಿನ ಅರ್ಥ ಹೇಳಬೇಡಿ.

ಮರು: ಮರು: ಮರು:
ತಣಿ, ದಣಿ ಒಂದೇ ಬೇರಿನವು. ತಣಿದವನೇ ಕಡೆಗೆ ದಣಿಯುವುದು. ಮದುವೆಮನೆಯಲ್ಲಿ ಎರಡನೇ ಪಂಕ್ತಿ ಎದ್ದಮೇಲೆ ನೋಡಿ.

ಮರು:
ವಿಮಾನಗಳ ರಿಪೇರಿಯಲ್ಲೇ ಮೂವತ್ತು ವರ್ಷ ಕಳೆದವನು ನಾನು. ಹ್ಯಾಂಗರಿನಲ್ಲಿ ಯಾರೂ ದಣಿವು, ಬಳಲಿಕೆ ಅನ್ನುವುದಿಲ್ಲ; 'ಕ್ರ್ಯಾಕ್ ಬಿಟ್ಟಿದೆ' ಅನ್ನುತ್ತಾರೆ. ಬೇರು ಅಗೆಯುವುದು ಬಿಟ್ಟು ರೆಕ್ಕೆ ನೋಡಿ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಕೆಳಮೈಯ ಹೊದಿಕೆ ಸೆಳೆತಕ್ಕೆ ಸಿಗುತ್ತದೆ. ಇಳಿದರೆ ಸಡಿಲ. ಗಾಳಿಯ ಪ್ರತಿ ಕುಲುಕಿಗೂ ಅದೇ ಪಾಡು. ಸಾವಿರಾರು ಸಲ ಹೀಗಾದಮೇಲೆ ಯಾವುದೋ ರಿವೆಟ್ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. 2002ರ ಜೂನ್ 17ರಂದು ಕ್ಯಾಲಿಫೋರ್ನಿಯಾದ ವಾಕರ್ ಬಳಿ ಕಾಳ್ಗಿಚ್ಚು ಆರಿಸುತ್ತಿದ್ದ ಸಿ-130ಎ ಒಂದರ ರೆಕ್ಕೆಗಳು ಆಕಾಶದಲ್ಲೇ ಕಳಚಿದವು, ಮೂವರು ಸತ್ತರು. ಸೇನೆ ಬಿಟ್ಟುಕೊಟ್ಟಿದ್ದ ಹಳೆಯ ಸರಕು ವಿಮಾನ. ಬಿರುಕು ಇದ್ದದ್ದು ನಡುರೆಕ್ಕೆಯ ಕೆಳಹೊದಿಕೆಯಲ್ಲೇ.

ದಣಿದ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹುಲ್ಲು ಹಾಕಿದರೆ ನಾಳೆ ಉಳುತ್ತದೆ. ಬಿರುಕು ಬಿಟ್ಟ ರೆಕ್ಕೆ ಹತ್ತು ವರ್ಷ ನಿಂತರೂ ಕೂಡಿಕೊಳ್ಳುವುದಿಲ್ಲ. ದಣಿವು, ಬಳಲಿಕೆ ಎರಡೂ ಸೋಲುವುದು ಇಲ್ಲಿ. 'ನವೆದುಹೋದ' ಅನ್ನುತ್ತೇವಲ್ಲ, 'ನವೆತ' ಆಗದೆ?

ಮರು: ಮರು:
ನವೆ ಎಂದರೆ ತುರಿಕೆ. ರೆಕ್ಕೆಗೆ ಮುಲಾಮು ಹಚ್ಚೋಣವೆ?

ಮರು:
ಬಸ್ಸು, ರೈಲು ದಕ್ಕಿಸಿಕೊಂಡ ಭಾಷೆಗೆ ಫಟೀಗ್ ಭಾರವೇ? ಹಾಗೇ ಬರೆಯಿರಿ.

ಮರು: ಮರು:
ಬಾಯಲ್ಲಿ ಹೊರಡದ ಮಹಾಪ್ರಾಣಗಳನ್ನು ಇನ್ನೆಷ್ಟು ದಿನ ಹೊರುವುದು? ಲೋಹ, ವಿಮಾನ, ಫಲಕ ಒಂದೂ ನಮ್ಮದಲ್ಲ. ವಿಮಾನಕ್ಕೆ ಬಾನೋಡ (ಬಾನಿನ ಓಡ, ಅಂದರೆ ದೋಣಿ) ಇದೆಯಲ್ಲ; 'ಸರಕು ಬಾನೋಡದ ರೆಕ್ಕೆ ಬಳಲಿಕೆ' ಅನ್ನಿ.

ಮರು: ಮರು: ಮರು:
ಬಾನೋಡ ಎಂದರೆ ಮಕ್ಕಳು ಮೋಡ ಅಂದುಕೊಳ್ಳುತ್ತಾರೆ.

ಮರು:
ಮತ್ತೆ ಶುರುವಾಯಿತು. ಹೋದ ತಿಂಗಳು 'ಗಣಕ'ದ ಮೇಲೂ ಇದೇ ಜಗಳ.

ಮರು:
ಎಲ್ಲರಿಗೂ ವಂದನೆ. ಫಲಕ ಹೋಯಿತು. 'ಲೋಹದ ದಣಿವು' ಉಳಿಸಿಕೊಂಡೆ. ಕೆಳಗೆ ಹಿರಿಯರ ಎತ್ತಿನ ಮಾತನ್ನು ನೆನೆದು 'ವಿಶ್ರಾಂತಿಯಿಂದ ನೀಗದ ದಣಿವು' ಎಂದು ಸೇರಿಸಿದೆ. ಪಕ್ಕದಲ್ಲಿ ಒಂದಷ್ಟು ತಂತಿ ತುಂಡು ಇಡುತ್ತೇವೆ, ಮಕ್ಕಳೇ ಹಿಂದೆ ಮುಂದೆ ಬಗ್ಗಿಸಿ ಮುರಿಯಲಿ.

ಮರು: ಮರು:
'ನೀಗದ' ಪ್ರಯೋಗದ ಬಗ್ಗೆ ನನ್ನದೊಂದು ತಕರಾರಿದೆ.