ಲ್ಯಾನ್ಸ್ ಓ'ಡೊನೆಲ್‌ನಂಥ ಬಡಗಿ ಆ ಕಾಲದಲ್ಲಿ ನಿಜಕ್ಕೂ ಇರಬಹುದಿತ್ತೇ?

ಪ್ರಶ್ನೆ – ತೀರ್ಥಹಳ್ಳಿಯಿಂದ:
2012ರಲ್ಲಿ ಬಂದ ‘ಅಸ್ಯಾಸಿನ್ಸ್ ಕ್ರೀಡ್ 3’ ಎಂಬ ವಿಡಿಯೊ ಆಟದ ಡೇವನ್‌ಪೋರ್ಟ್ ಹೋಮ್‌ಸ್ಟೆಡ್ ಎಂಬ ಪುಟ್ಟ ಊರಿನಲ್ಲಿ ನೆಲೆಸುವವರ ಪೈಕಿ ನನಗೆ ಬಹಳ ಹಿಡಿಸಿದವನು ಬಡಗಿ ಲ್ಯಾನ್ಸ್. ಮರಗೆಲಸದ ಮನೆತನದಲ್ಲಿ ಬೆಳೆದ ನನಗೆ ಅವನ ಕೈಚಳಕದಲ್ಲಿ ಸಂದೇಹವಿಲ್ಲ. ಆದರೆ ಪೀಠೋಪಕರಣ ಮಾಡುವವನೇ ಹೊಸ ಸಾಧನಗಳ ಸಂಶೋಧಕನೂ ಆಗುವುದು 1770ರ ದಶಕದ ಅಮೆರಿಕದ ವಸಾಹತುಗಳಲ್ಲಿ ಸಾಧ್ಯವಿತ್ತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ಸಾಗರದಿಂದ:
ಖಂಡಿತ ಸಾಧ್ಯವಿತ್ತು. ಅಂದಿನ ಯಂತ್ರಗಳ ಬಹುಭಾಗ ಮರದ್ದೇ ಆಗಿದ್ದುದರಿಂದ, ಯಂತ್ರ ಕಟ್ಟಬೇಕೆಂದವರಿಗೆ ಮರಗೆಲಸ ಬಲ್ಲವರ ನೆರವು ಬೇಕೇ ಬೇಕಿತ್ತು. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಅವರನ್ನೇ ನೋಡಿ. 1693ರಲ್ಲಿ ಹುಟ್ಟಿ, ತಂದೆಯಿಂದ ಬಡಗಿತನ ಕಲಿತ ಅವರು, ತಾನೇ ಎಣ್ಣೆ ಒಸರುವ ಲಿಗ್ನಮ್ ವೀಟೆ ಎಂಬ ಗಟ್ಟಿ ಮರವನ್ನು ಉಜ್ಜಾಟವಿರುವ ಭಾಗಗಳಿಗೆ ಬಳಸಿ, ಕೀಲೆಣ್ಣೆಯೇ ಬೇಡದ ಗೋಪುರ ಗಡಿಯಾರವನ್ನು ಕಟ್ಟಿದರು. ಮುಂದೆ ಕಡಲಿನಲ್ಲಿ ರೇಖಾಂಶ ಕಂಡುಹಿಡಿಯಲು ನೆರವಾಗುವ ಗಡಿಯಾರವನ್ನೂ ಅವರೇ ರೂಪಿಸಿದರು. ಅದಕ್ಕಾಗಿ ಪಾರ್ಲಿಮೆಂಟು ಅವರಿಗೆ ಕೊನೆಯ ಹಣ ಮಂಜೂರು ಮಾಡಿದ್ದು 1773ರಲ್ಲಿ, ಅಂದರೆ ಆಟದ ಕಥೆ ನಡೆಯುವ ಕಾಲದಲ್ಲೇ. ಅಮೆರಿಕದಲ್ಲಿಯೇ ಡೇವಿಡ್ ಬುಶ್ನೆಲ್ ಅವರು ಓಕ್ ಮರದಿಂದ ಮಾಡಿ, ಕಬ್ಬಿಣದ ಪಟ್ಟಿ ಬಿಗಿದು, ಟಾರು ಬಳಿದ ‘ಟರ್ಟಲ್’ ಎಂಬ ಒಬ್ಬರೇ ಕೂರುವ ಜಲಾಂತರ್ಗಾಮಿಯನ್ನು 1776ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಬ್ರಿಟಿಷ್ ನೌಕೆಯ ಮೇಲೆ ಪ್ರಯೋಗಿಸಲಾಯಿತು. ದಾಳಿ ಫಲಿಸಲಿಲ್ಲ, ಆದರೂ ಲ್ಯಾನ್ಸ್‌ನ ಪಾತ್ರ ಅಸಂಭವವಲ್ಲವೆಂದು ತೋರಿಸಲು ಅಷ್ಟು ಸಾಕು.

ಉತ್ತರ – ಶಿವಮೊಗ್ಗದಿಂದ:
ಸಾಗರದವರ ಮಾತನ್ನು ಒಪ್ಪುತ್ತೇನೆ. ಜೊತೆಗೆ ಲ್ಯಾನ್ಸ್‌ಗೆ ಮರ ಎಲ್ಲಿಂದ ಸಿಗುತ್ತಿತ್ತು ಎಂಬುದನ್ನೂ ಕೇಳಬೇಕು, ಏಕೆಂದರೆ ನನ್ನ ದೃಷ್ಟಿಯಲ್ಲಿ ಅಂದಿನ ರಾಜಕೀಯವೆಲ್ಲ ಅಲ್ಲಿದೆ. ಆಟದಲ್ಲಿ ಗಾಡ್‌ಫ್ರೀ ಮತ್ತು ಟೆರಿ ಮರ ಕಡಿಯುತ್ತಾರೆ. ವಾಸ್ತವದಲ್ಲಿ 1691ರ ಮ್ಯಾಸಚೂಸೆಟ್ಸ್ ಸನದಿನ ಪ್ರಕಾರ, ಖಾಸಗಿಯವರಿಗೆ ಕೊಡದ ನೆಲದಲ್ಲಿ 24 ಅಂಗುಲ ಅಥವಾ ಅದಕ್ಕೂ ಹೆಚ್ಚಿನ ವ್ಯಾಸದ ಮರಗಳೆಲ್ಲ ರಾಜನ ನೌಕಾಪಡೆಗೆ ಮೀಸಲಾಗಿದ್ದವು. ಹಡಗಿನ ಕೂವೆಗೆ, ಅಂದರೆ ಹಾಯಿ ಕಟ್ಟುವ ಕಂಬಕ್ಕೆ, ಯೋಗ್ಯವಾದ ಬಿಳಿ ಪೈನ್ ಮರಗಳಿಗೆ ಅವು ರಾಜನವೆಂದು ತೋರಿಸಲು ಬಾಣದ ಗುರುತು ಕೊಚ್ಚುತ್ತಿದ್ದರು. 1772ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವೇರ್ ಎಂಬಲ್ಲಿ, ಇಂಥ ಮರಗಳ ಸಂಬಂಧ ವಿಧಿಸಿದ ದಂಡದ ವಸೂಲಿಗೆ ಬಂದ ಶೆರಿಫ್‌ನನ್ನು ಜನರು ಹೊಡೆದೋಡಿಸಿದರು. ತನ್ನದೇ ಜಮೀನಿನಲ್ಲಿ ಬೆಳೆದ ಶ್ರೀಗಂಧವನ್ನು ಕಡಿಯಲಾಗದ ಸಂಕಟವನ್ನು ಕಂಡಿರುವ ಮಲೆನಾಡಿನವರಿಗೆ ಈ ಸಿಟ್ಟು ಸುಲಭವಾಗಿ ಅರ್ಥವಾದೀತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಲ್ಯಾನ್ಸ್‌ನ ಕಾಲದಲ್ಲಿ ಮೊಳೆಯ ಬಳಕೆ ಎಷ್ಟಿತ್ತು?

ಉತ್ತರ – ಸಾಗರದಿಂದ:
ಮೊಳೆಗಳನ್ನು ಕಮ್ಮಾರರು ಒಂದೊಂದಾಗಿ ಬಡಿದು ಮಾಡುತ್ತಿದ್ದುದರಿಂದ ಅವು ದುಬಾರಿಯಾಗಿದ್ದವು. ಯಂತ್ರದಲ್ಲಿ ಕತ್ತರಿಸಿದ ಅಗ್ಗದ ಮೊಳೆಗಳು ಹರಡಿದ್ದು 1790ರ ದಶಕದಿಂದೀಚೆಗೆ. ಆದ್ದರಿಂದ ಮನೆಯ ಚೌಕಟ್ಟಿನಲ್ಲಿ ಒಂದು ತೊಲೆಗೆ ತೂತು ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಅದರೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುತ್ತಿದ್ದರು. ಗೂಟಕ್ಕಾಗಿ ತೊಲೆಯಲ್ಲಿ ಮತ್ತು ನಾಲಿಗೆಯಲ್ಲಿ ಕೊರೆಯುವ ತೂತುಗಳು ಒಂದೇ ನೇರಕ್ಕೆ ಬಾರದೆ ಕೊಂಚ ಸರಿದಿರುವಂತೆ ಮಾಡಿದರೆ, ಗೂಟ ಇಳಿದಂತೆ ಜೋಡಣೆ ತಾನಾಗಿಯೇ ಬಿಗಿಯುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಈ ಕೆಲಸ ಗೊತ್ತಿರಬಹುದು. ಒಮ್ಮೆ ಕೇಳಿ, ಅವರ ವಿವರಣೆಯನ್ನು ಇಲ್ಲಿ ಬರೆದರೆ ನಮಗೆಲ್ಲ ಉಪಯೋಗವಾಗುತ್ತದೆ.