ಕಂಚುಕುಟಿಗನಿಗೆ ‘ಮೆಗಲೈಮಾ’ ಹೋಗಿ ‘ಸೈಲೋಪೊಗಾನ್’ ಯಾಕೆ ಬಂತು?

ಹಸಿರುಗರಿ:
ನನ್ನ ಹಳೇ ನೋಟ್‌ಬುಕ್‌ನಲ್ಲಿ ಕಂಚುಕುಟಿಗ ಹಕ್ಕಿಯ ವೈಜ್ಞಾನಿಕ ಹೆಸರು ಮೆಗಲೈಮಾ ಹೀಮಸೆಫಾಲಾ. ಈಗ ಎಲ್ಲಿ ನೋಡಿದರೂ ಸೈಲೋಪೊಗಾನ್ ಹೀಮಸೆಫಾಲಸ್. ಮೊದಲ ಪದ, ಅಂದರೆ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಹೆಸರು ಹೋಯಿತು, ಸಾಲದ್ದಕ್ಕೆ ಕೊನೆಯ ‘ಲಾ’ ಕೂಡ ‘ಲಸ್’ ಆಗಿದೆ. ಕಷ್ಟಪಟ್ಟು ಬಾಯಿಪಾಠ ಮಾಡಿದ್ದೆಲ್ಲ ದಂಡ. ಹಕ್ಕಿ ಅದೇ, ‘ಟುಕ್ ಟುಕ್’ ಕೂಗೂ ಅದೇ. ಸುಮ್ನೆ ಯಾಕೆ ಬದಲಾಯಿಸುತ್ತಾರೆ?

ಹಳೇ ದುರ್ಬೀನು:
ಸುಮ್ನೆ ಅಲ್ಲ ಮಾರಾಯರೇ. ಒಂದು ಸಂಜೆ ಪೂರ್ತಿ ಕೂತು ನಾನೂ ಪಟ್ಟಿ ತಿದ್ದಿದ್ದೇನೆ, ನಿಮ್ಮ ಸಂಕಟ ಗೊತ್ತು. ಆದರೆ ಕಾರಣ ಗಟ್ಟಿಯಾಗಿದೆ.

ಸುಮಾತ್ರಾ ಮತ್ತು ಮಲಯ ಪರ್ಯಾಯ ದ್ವೀಪದ ಬೆಟ್ಟಗಳಲ್ಲಿ ಒಂದು ಕುಟ್ರು (ಇಂಗ್ಲಿಷಿನ ಬಾರ್ಬೆಟ್, ಕಂಚುಕುಟಿಗನ ಬಳಗದ ಹಕ್ಕಿ) ಇದೆ. ಕೊಕ್ಕಿನ ಬುಡದಲ್ಲಿ ಕೆಂಪು ಕುಚ್ಚು. ಕೂಗು ಜೀರುಂಡೆಯ ಥರ. 1835ರಲ್ಲಿ ಸಾಲೊಮನ್ ಮ್ಯುಲ್ಲರ್ ಅದಕ್ಕೆ ಸೈಲೋಪೊಗಾನ್ ಅನ್ನುವ ಕುಲ ಮಾಡಿದರು. ಜಾರ್ಜ್ ರಾಬರ್ಟ್ ಗ್ರೇ ಮೆಗಲೈಮಾ ಅನ್ನುವ ಹೆಸರು ಕೊಟ್ಟದ್ದು 1842ರಲ್ಲಿ. ನಮಗೆ ಗೊತ್ತಿರುವ ಕುಟ್ರುಗಳೆಲ್ಲ ಕಡೆಗೆ ಅದರೊಳಗೆ ಸೇರಿದವು. ಕುಚ್ಚಿನ ಹಕ್ಕಿ ಮಾತ್ರ ಬಹಳ ಕಾಲ ಬೇರೆ ಮನೆಯಲ್ಲೇ ಇತ್ತು.

ಡಿಎನ್‌ಎ ನೋಡಿದಾಗ ಗೊತ್ತಾಯಿತು, ಅದು ಬೇರೆ ಮನೆಯದ್ದಲ್ಲ, ಮೆಗಲೈಮಾಗಳ ನಡುವೆಯೇ ಹುಟ್ಟಿದ ಕವಲು. ಹಾಗಾಗಿ ಎಲ್ಲವನ್ನೂ ಒಂದೇ ಕುಲಕ್ಕೆ ಹಾಕಿದರು, ಈಗ 30ಕ್ಕೂ ಜಾಸ್ತಿ ಪ್ರಭೇದಗಳು. ಒಂದು ಕುಲಕ್ಕೆ ಒಂದೇ ಹೆಸರು, ಅದೂ ಮೊದಲು ಅಚ್ಚಾದದ್ದು. ಏಳು ವರ್ಷ ಹಿರಿಯದಾದ ಸೈಲೋಪೊಗಾನ್ ಗೆದ್ದಿತು. ಒಂದು ಹಕ್ಕಿಯ ಹೆಸರು ಅಷ್ಟೂ ಹಕ್ಕಿಗಳ ಮೇಲೆ ಬಂದು ಕೂತಿತು.

ನನಗೇನೋ ಹಳೆಯದೇ ಇಷ್ಟ. ಮೆಗಲೈಮಾ ಅಂದರೆ ಗ್ರೀಕಿನಲ್ಲಿ ದೊಡ್ಡ ಗಂಟಲು. ದಿನವಿಡೀ ಕೂಗುವವಕ್ಕೆ ಇನ್ನೇನು ಬೇಕು? ಸೈಲೋಪೊಗಾನ್ ಅಂದರೆ ಬೋಳು ಗಡ್ಡ! ಕೊಕ್ಕಿನ ಸುತ್ತ ಬಿರುಗೂದಲು ಇರುವ ಹಕ್ಕಿಗೆ. ಬಾರ್ಬೆಟ್ ಅನ್ನುವ ಹೆಸರು ಬಂದದ್ದೂ ಆ ಗಡ್ಡದಿಂದಲೇ.

ಎಲೆಮರೆ:
‘ಲಾ’ ‘ಲಸ್’ ವಿಷಯ ಬಿಟ್ಟಿರಲ್ಲ. ಮೆಗಲೈಮಾ ಸ್ತ್ರೀಲಿಂಗ, ಸೈಲೋಪೊಗಾನ್ ಪುಲ್ಲಿಂಗ. ಪ್ರಭೇದದ ಹೆಸರು ಗುಣವಾಚಕವಾಗಿದ್ದರೆ ಕುಲದ ಲಿಂಗಕ್ಕೆ ಹೊಂದಬೇಕು. ಕಂದುತಲೆಯ ಕುಟ್ರು ಕೂಡ ಹಾಗೇ, ಜೈಲಾನಿಕಾ ಇದ್ದದ್ದು ಜೈಲಾನಿಕಸ್ ಆಯಿತು. ಬಿಳಿಕೆನ್ನೆಯ ಕುಟ್ರು ಬಚಾವ್. ವಿರಿಡಿಸ್ ಎರಡೂ ಲಿಂಗಕ್ಕೆ ಒಂದೇ.

ಹಸಿರುಗರಿ:
ಅಂದರೆ ‘ಲಸ್’ ಅನ್ನೋದು ಹೊಸ ಸೃಷ್ಟಿ, ಅಲ್ವಾ?

ಹಳೇ ದುರ್ಬೀನು:
ಅಲ್ಲ, ಅಲ್ಲೇ ಮಜಾ ಇರುವುದು. 1776ರಲ್ಲಿ ಸ್ಟಾಟಿಯಸ್ ಮ್ಯುಲ್ಲರ್ ಈ ಹಕ್ಕಿಗೆ ಇಟ್ಟ ಮೊದಲ ಹೆಸರೇ ಬುಕ್ಕೊ ಹೀಮಸೆಫಾಲಸ್. (ಈ ಮ್ಯುಲ್ಲರ್ ಬೇರೆ, ಮೇಲಿನ ಮ್ಯುಲ್ಲರ್ ಬೇರೆ. ನಾನೂ ಒಮ್ಮೆ ಬೇಸ್ತು ಬಿದ್ದಿದ್ದೆ.) ಬುಕ್ಕೊ ಅನ್ನುವ ಕುಲದ ಹೆಸರು ಈಗ ದಕ್ಷಿಣ ಅಮೆರಿಕದ ಬೇರೆ ಹಕ್ಕಿಗಳ ಪಾಲು. ‘ಲಾ’ ಮಧ್ಯೆ ಬಂದು ಹೋದದ್ದು. ‘ಲಸ್’ ತವರಿಗೆ ಮರಳಿದೆ.

ಹಸಿರುಗರಿ:
ಸರಿ. ಪೆನ್ನು ಬೇಡ, ಈ ಸಲ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ.