ಕೋಕೋ ಪುಡಿ ಹಾಕಿದ ಸಾಬೂನಿನ ನೊರೆ ಕಂದಾಗುವುದೇಕೆ?

ಪ್ರಶ್ನೆ: ತೆಂಗಿನೆಣ್ಣೆ, ಹರಳೆಣ್ಣೆಗಳಿಂದ ಮನೆಯಲ್ಲೇ ತಯಾರಿಸುವ ಸಾಬೂನಿಗೆ ಬಣ್ಣಕ್ಕೆಂದು ಕೋಕೋ ಪುಡಿ ಉದುರಿಸಿದರೆ ಗಂಟುಗಳು ಉಳಿಯುವುದಲ್ಲದೆ, ನೊರೆಯೂ ಕಂದಾಗಿ ಬಿಳಿ ಟವೆಲ್ಲಿಗೆ ಕಲೆ ಹತ್ತುತ್ತಿದೆ. ಎಷ್ಟು ಹಾಕಬೇಕು?

ಉತ್ತರ 1: ಅರ್ಧ ಕಿಲೋ ಎಣ್ಣೆಗೆ 1 ಟೀ ಚಮಚ ಸಾಕು. ಕೋಕೋ ಕರಗುವ ಬಣ್ಣವಲ್ಲ. ಅದು ಸಣ್ಣ ಕಣಗಳಾಗಿಯೇ ಉಳಿಯುವುದರಿಂದ ಹೆಚ್ಚಾದದ್ದು ನೊರೆಯೊಡನೆ ಹೊರಬರುತ್ತದೆ. ಪುಡಿಯನ್ನು ಜರಡಿ ಹಿಡಿದು, ಅಳೆದಿಟ್ಟ ಎಣ್ಣೆಯಿಂದಲೇ ಒಂದೆರಡು ಚಮಚ ತೆಗೆದು ನುಣ್ಣಗೆ ಕಲಸಿ, ಮಿಶ್ರಣ ತುಸು ಮಂದವಾದಾಗ ಸೇರಿಸಿ.

ಉತ್ತರ 2: ಸಿಹಿ ಬೆರೆತ ಪಾನೀಯದ ಪುಡಿ ಖಂಡಿತ ಬೇಡ, ಏಕೆಂದರೆ ಸಕ್ಕರೆಯು ಅಚ್ಚಿನೊಳಗಿನ ಶಾಖವನ್ನು ಏರಿಸಿ ಸಾಬೂನು ಬಿರಿಯುವಂತೆ ಮಾಡಬಹುದು.

ಉತ್ತರ 3: ವೆನಿಲಿನ್ (ವೆನಿಲಾ ಪರಿಮಳ ಕೊಡುವ ವಸ್ತು) ಇರುವ ಸುಗಂಧದ್ರವ್ಯವನ್ನು ಬಳಸುವುದಾದರೆ ಅದೇ ದಿನಕಳೆದಂತೆ ಕಂದು ಬಣ್ಣ ತರುತ್ತದೆ; ಹಾಗಿರುವಾಗ ಕೋಕೋವನ್ನು (ನನ್ನ ಮಟ್ಟಿಗೆ) ಕುಡಿಯುವುದೇ ಲೇಸು.